ದೇಹದ ಕಾಲುವೆ, ದೇಹದ ಕಾವಲು

ಗಂಗಾವತಿಯ ಸೀಮೆಯಲ್ಲಿ, ಅಂಜನಾದ್ರಿಯ ಬುಡಕ್ಕೆ ಅಂಟಿಕೊಂಡಂತೆ ಹನುಮನಹಳ್ಳಿಯೆಂಬ ಊರಿದೆ. ಬೆಟ್ಟವನ್ನೇರಿ ಆಂಜನೇಯನ ದರ್ಶನವನ್ನು ಪಡೆದು ಇಳಿಯುವವರಿಗೆ ಹೆಬ್ಬಂಡೆಗಳ ನಡುವೆ ಭತ್ತದ ಗದ್ದೆಗಳೂ ಬಾಳೆಯ ತೋಟಗಳೂ ಹಸುರಾಗಿ ಹರಡಿರುವುದು ಕಾಣುತ್ತದೆ. ನಾಟಿಯ ದಿನಗಳಲ್ಲಿ ಆ ಗದ್ದೆಗಳ ಕೆಸರಿನಲ್ಲಿ ಬರಿಗಾಲಿನಿಂದ ನಿಂತು ದುಡಿಯುವವರಿಗೆ ಬದುವಿನ ಮೇಲಿನ ಬಳ್ಳಾರಿ ಜಾಲಿಯ ಮುಳ್ಳು ಹೊಸದಲ್ಲ. ಮುಳ್ಳು ನೆಟ್ಟಿತು, ಕಿತ್ತು ಎಸೆದದ್ದಾಯಿತು, ಕೆಲಸ ಮುಂದೆ ನಡೆಯಿತು. ಎರಡು ಮೂರು ದಿನ ಕಳೆದು, ಅಂಗಾಲಿನ ನೋವು ಮರೆಯುವಷ್ಟರಲ್ಲಿ, ತೊಡೆಸಂದಿನಲ್ಲಿ ಒಂದು ಗಂಟು ಏಳುತ್ತದೆ. ಮುಟ್ಟಿದರೆ ನೋಯುತ್ತದೆ, ಸ್ವಲ್ಪ ಜ್ವರವೂ ಬಂದೀತು.

ಈ ಗಂಟನ್ನು ಕಾಣದ ಮನೆ ನಮ್ಮ ನಾಡಿನಲ್ಲಿ ಇರಲಾರದು. ಕೈಬೆರಳಿಗೆ ಕೀವಾದರೆ ಅದು ಕಂಕುಳಲ್ಲಿ ಏಳುತ್ತದೆ. ಹಲ್ಲು ಹುಳಿತರೆ ದವಡೆಯ ಕೆಳಗೆ. ಮಗುವಿನ ತಲೆಯಲ್ಲಿ ಕಜ್ಜಿಯಾದರೆ ಕತ್ತಿನ ಹಿಂಬದಿಯಲ್ಲಿ. ಇಷ್ಟು ಪರಿಚಿತವಾದರೂ ಮನೆಯವರು ಅದನ್ನು ರೋಗವೆಂದೇ ಎಣಿಸುತ್ತಾರೆ. ಎಣ್ಣೆ ಹಚ್ಚಿ ತಿಕ್ಕಿ ಕರಗಿಸಬೇಕೆಂದು ಒಬ್ಬರು, ಸುಣ್ಣ ಬೆಲ್ಲ ಮೆತ್ತಬೇಕೆಂದು ಇನ್ನೊಬ್ಬರು; ಕಾದ ಕಬ್ಬಿಣದಿಂದ ಬರೆ ಹಾಕುವ ಪದ್ಧತಿಯೂ ಕೆಲವೆಡೆ ಇತ್ತು. ಗಂಟಿಗೆ ಇಷ್ಟೆಲ್ಲ ಉಪಚಾರ ಮಾಡುವವರು ಅಂಗಾಲಿನ ಗಾಯವನ್ನು ತೊಳೆದು ನೋಡುವುದು ಮಾತ್ರ ಅಪೂರ್ವ. ವಾಸ್ತವವಾಗಿ ಆ ಗಂಟು ದೇಹವು ತಾನಾಗಿ ಕಟ್ಟಿಕೊಂಡಿರುವ ಕಾವಲು ಠಾಣೆ. ಅದು ಊದಿಕೊಂಡಿದೆಯೆಂದರೆ ಅಲ್ಲಿ ನಮ್ಮ ಪಕ್ಷದವರು ಕೆಲಸದಲ್ಲಿದ್ದಾರೆಂದು ಅರ್ಥ. ಅದು ಎಂತಹ ಕೆಲಸ, ಆ ಠಾಣೆಗೆ ಸುದ್ದಿ ಹೋಗುವ ದಾರಿ ಯಾವುದು, ಠಾಣೆಯೇ ಬಿದ್ದುಹೋದರೆ ಅಥವಾ ದಾರಿಯೇ ಕಟ್ಟಿಹೋದರೆ ಗತಿಯೇನು ಎಂಬುದನ್ನು ಗೃಹಸ್ಥರಾದವರು ತಿಳಿದಿರಬೇಕೆಂದು ಭಾವಿಸಿ ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಮೊದಲು ದಾರಿಯ ಮಾತು. ಹನುಮನಹಳ್ಳಿಯ ಸುತ್ತಲಿನ ರೈತರಿಗೆ ಇದನ್ನು ವಿವರಿಸುವುದು ಸುಲಭ. ವಿಜಯನಗರದ ಅರಸರ ಕಾಲದ ಕಾಲುವೆಗಳು ಆನೆಗೊಂದಿ ಗಂಗಾವತಿಗಳ ಗದ್ದೆಗಳಿಗೆ ಇಂದಿಗೂ ತುಂಗಭದ್ರೆಯ ನೀರನ್ನು ಉಣಿಸುತ್ತಿವೆ. 1953ರಲ್ಲಿ ಮುನಿರಾಬಾದಿನ ಬಳಿಯ ದೊಡ್ಡ ಅಣೆಕಟ್ಟಿನಿಂದ ನೀರು ಬಿಟ್ಟ ಮೇಲೆ ಇನ್ನೂ ಎಷ್ಟೋ ಎಕರೆ ಒಣಭೂಮಿ ಗದ್ದೆಯಾಯಿತು. ಆದರೆ ನೀರು ಬಂದರಷ್ಟೇ ಸಾಲದು, ಬಂದ ನೀರು ಬಸಿದು ಹೋಗಬೇಕು. ಬಸಿಗಾಲುವೆಯಿಲ್ಲದ ಹೊಲ ಕೆಲವೇ ವರ್ಷಗಳಲ್ಲಿ ಜವಳು ಹಿಡಿದು, ಮೇಲೆ ಬಿಳಿಯ ಉಪ್ಪು ಕಟ್ಟಿ, ಸವಳಾಗುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಬಹುಕಾಲದಿಂದ ಈ ಸವಳು ಜವಳಿನೊಡನೆಯೇ ಹೆಣಗುತ್ತಿರುವರು.

ನಮ್ಮ ಶರೀರದಲ್ಲಿಯೂ ಏರ್ಪಾಡು ಹೀಗೆಯೇ ಇದೆ. ಹೃದಯವು ನೂಕುವ ರಕ್ತವು ಕೂದಲಿಗಿಂತ ಸಣ್ಣನೆಯ ನಾಳಗಳನ್ನು ಮುಟ್ಟಿದಾಗ, ಅದರ ನೀರಿನಂಶದಲ್ಲಿ ಒಂದು ಪಾಲು ನಾಳದ ಗೋಡೆಯಿಂದ ಹೊರಕ್ಕೆ ಒಸರಿ ಮಾಂಸಖಂಡಗಳ ಸಂದುಗೊಂದುಗಳನ್ನು ತೋಯಿಸುತ್ತದೆ. ಆಹಾರ ಸಾರವನ್ನು ಕೊಟ್ಟು ಕಸವನ್ನು ತೆಗೆದುಕೊಳ್ಳುತ್ತದೆ. ಹೀಗೆ ಹೊರಬಿದ್ದುದೆಲ್ಲ ರಕ್ತಕ್ಕೆ ನೇರವಾಗಿ ಮರಳುವುದಿಲ್ಲ. ದಿನವೊಂದಕ್ಕೆ ಸುಮಾರು 3 ಲೀಟರಿನಷ್ಟು ಉಳಿಯುತ್ತದೆ. ಅದನ್ನು ಎತ್ತಿಕೊಂಡು ಹೋಗುವುದಕ್ಕೆಂದೇ ಬೇರೊಂದು ನಾಳಗಳ ಜಾಲ ಚರ್ಮದ ಅಡಿಯಲ್ಲಿಯೂ ಒಳಗಿನ ಅಂಗಗಳಲ್ಲಿಯೂ ಹಬ್ಬಿಕೊಂಡಿದೆ. ಈ ನಾಳಗಳು ಒಂದರೊಡನೊಂದು ಕೂಡಿ ದಪ್ಪನಾಗುತ್ತ, ಕೊನೆಗೆ ಎದೆಯ ಒಳಗಿನಿಂದ ಮೇಲೆ ಬಂದು, ಕೊರಳ ಬುಡದಲ್ಲಿ ದೊಡ್ಡ ರಕ್ತನಾಳಕ್ಕೆ ಸೇರುತ್ತವೆ. ಈ ನೀರಿಗೆ ದುಗ್ಧರಸವೆಂದು ಹೆಸರು.

ಹಾಲಿಗೂ ಇದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. 1622ರಲ್ಲಿ ಇಟಲಿ ದೇಶದ ಗಾಸ್ಪಾರೆ ಅಸೆಲ್ಲಿ ಎಂಬ ವೈದ್ಯನು, ಆಗತಾನೆ ತಿಂದಿದ್ದ ನಾಯಿಯೊಂದರ ಹೊಟ್ಟೆಯನ್ನು ಸೀಳಿ ನೋಡುತ್ತಿದ್ದಾಗ ಕರುಳಿನ ಪೊರೆಯ ಮೇಲೆ ಬಿಳಿಯ ದಾರಗಳಂಥವು ಕಂಡವು. ನರಗಳಿರಬಹುದೆಂದು ಒಂದನ್ನು ಕತ್ತರಿಸಿದರೆ ಹಾಲಿನಂತಹ ದ್ರವ ಚಿಮ್ಮಿತು. ಉಂಡ ಅನ್ನದ ಜಿಡ್ಡನ್ನು ಕರುಳಿನಿಂದ ಹೊತ್ತೊಯ್ಯುವ ನಾಳಗಳು ಅವು. ಉಳಿದೆಡೆ ಈ ರಸ ತಿಳಿನೀರಿನಂತೆ ಇರುತ್ತದಾದರೂ ಹಾಲಿನ ಹೆಸರು ಇಡೀ ಜಾಲಕ್ಕೆ ಅಂಟಿಕೊಂಡಿತು.

ಈ ಜಾಲಕ್ಕೆ ಹೃದಯದಂತಹ ಯಂತ್ರವಿಲ್ಲ. ನಾಳದ ಗೋಡೆಗಳು ತಾವೇ ಹಿಂಡಿಕೊಳ್ಳುವುದು ಸ್ವಲ್ಪ. ನಾವು ನಡೆದಾಗ, ಬಗ್ಗಿದಾಗ, ದೀರ್ಘವಾಗಿ ಉಸಿರೆಳೆದಾಗ ಸುತ್ತಲಿನ ಮಾಂಸಖಂಡಗಳು ಒತ್ತುವುದು ಇನ್ನಷ್ಟು. ಒಳಗೆ ಅಲ್ಲಲ್ಲಿ ಒಂದೇ ಕಡೆಗೆ ತೆರೆಯುವ ಕವಾಟಗಳಿರುವುದರಿಂದ, ಒತ್ತಿದಾಗಲೆಲ್ಲ ರಸವು ಮೇಲಕ್ಕೆ ಹೋಗುತ್ತದೆಯೇ ಹೊರತು ಕೆಳಕ್ಕಿಳಿಯುವುದಿಲ್ಲ. ಇಡೀ ದಿನ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಕುಳಿತು ಬಂದವರ ಪಾದ ಏಕೆ ಊದುತ್ತದೆಂಬುದಕ್ಕೆ ಇದೂ ಒಂದು ಕಾರಣ.

ರೋಗಾಣುಗಳಿಗೂ ಇದೇ ಹೆದ್ದಾರಿ. ಚರ್ಮದ ಕೆಳಗೆ ಹೊಕ್ಕ ಕ್ರಿಮಿಗೆ ದೇಹದೊಳಗೆ ಹೋಗಲು ಸುಲಭವಾದ ದಾರಿಯೆಂದರೆ ಈ ಬಸಿಗಾಲುವೆಯೇ. ಆದುದರಿಂದಲೇ ಸೃಷ್ಟಿಯು ಈ ದಾರಿಯುದ್ದಕ್ಕೂ ಸುಂಕದ ಕಟ್ಟೆಗಳನ್ನಿಟ್ಟಿದೆ. ಅವೇ ದುಗ್ಧಗ್ರಂಥಿಗಳು. ಜೋಳದ ಕಾಳಿನಿಂದ ಹಿಡಿದು ಅವರೆಕಾಳಿನಷ್ಟು ಗಾತ್ರದ ಇಂತಹವು ನಮ್ಮೊಳಗೆ ಸುಮಾರು 600 ಇವೆ. ತೊಡೆಸಂದು, ಕಂಕುಳು, ಕೊರಳು, ಹೊಟ್ಟೆ, ಎದೆ ಈ ಸ್ಥಳಗಳಲ್ಲಿ ಗುಂಪುಗುಂಪಾಗಿ ಕುಳಿತಿವೆ. ಕಾಲಿನಿಂದ ಏರುವ ರಸದ ಬಹುಭಾಗ ತೊಡೆಸಂದಿನ ಕಟ್ಟೆಯಲ್ಲಿ ನಿಂತು, ತಪಾಸಣೆ ಮಾಡಿಸಿಕೊಂಡೇ ಮುಂದೆ ಹೋಗತಕ್ಕದ್ದು.

ಈಗ ಮುಳ್ಳಿನ ಸಂಗತಿಗೆ ಬರೋಣ. ಚರ್ಮವು ಅರಿಯದವರು ತಿಳಿದಂತೆ ಬರಿಯ ಹೊದಿಕೆಯಲ್ಲ. ಅದರ ಮೇಲ್ಪದರ ಸತ್ತ ಕೋಶಗಳ ಗಟ್ಟಿಯಾದ ಕವಚ, ದಿನದಿನವೂ ಉದುರುತ್ತ ತನ್ನ ಮೇಲೆ ಕೂತ ಕ್ರಿಮಿಗಳನ್ನೂ ಉದುರಿಸುತ್ತದೆ. ಬೆವರು, ಕಣ್ಣೀರು, ಎಂಜಲುಗಳಲ್ಲಿ ಕ್ರಿಮಿಗಳ ಹೊರಗೋಡೆಯನ್ನು ಕರಗಿಸುವ ದ್ರವ್ಯಗಳಿವೆ. ಮುಂದೆ ಪೆನ್ಸಿಲಿನ್ನನ್ನು ಕಂಡ ಫ್ಲೆಮಿಂಗನು ಕಣ್ಣೀರಿನಲ್ಲಿರುವ ಇಂತಹ ಒಂದು ದ್ರವ್ಯವನ್ನು 1922ರಲ್ಲಿಯೇ ಪ್ರಕಟಿಸಿದ್ದನು. ಆದರೆ ಮುಳ್ಳು ಈ ಕೋಟೆಯ ಗೋಡೆಯನ್ನು ಕೊರೆದು, ಕೆಸರಿನಲ್ಲಿದ್ದ ಸಾವಿರಾರು ಸೂಕ್ಷ್ಮಜೀವಿಗಳನ್ನು ತನ್ನ ತುದಿಯಲ್ಲಿ ಹೊತ್ತು ಒಳಗೆ ಬಿಟ್ಟುಬಿಡುತ್ತದೆ. ಅಲ್ಲಿ ನಡೆಯುವುದನ್ನು ಮೊದಲು ಸ್ಪಷ್ಟವಾಗಿ ಕಂಡುಕೊಂಡವನೂ ಒಂದು ಮುಳ್ಳಿನಿಂದಲೇ ಕಂಡುಕೊಂಡನೆಂಬುದು ವಿನೋದವಾದ ಸಂಗತಿ.

ಇಲ್ಯಾ ಮೆಚ್ನಿಕಾಫ್ ಎಂಬ ರಷ್ಯಾದ ವಿದ್ವಾಂಸನು 1882ರಲ್ಲಿ ಇಟಲಿಯ ಮೆಸ್ಸಿನಾ ಎಂಬ ಕಡಲೂರಿನಲ್ಲಿ ಬಿಡಾರ ಮಾಡಿದ್ದನು. ಒಂದು ದಿನ ಮನೆಯವರೆಲ್ಲ ಸರ್ಕಸ್ಸಿಗೆ ಹೋದಾಗ ಇವನೊಬ್ಬನೇ ಸೂಕ್ಷ್ಮದರ್ಶಕದ ಮುಂದೆ ಕುಳಿತು, ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗಳನ್ನು ನೋಡುತ್ತಿದ್ದನು. ಅವುಗಳ ಮೈಯೊಳಗೆ ಅಲೆದಾಡುವ ಕೆಲವು ಕಣಗಳಿವೆಯಲ್ಲ, ಅವು ಹೊರಗಿನ ಶತ್ರುವನ್ನು ಎದುರಿಸುವುದಕ್ಕಾಗಿಯೇ ಇರಬಾರದೇಕೆ ಎಂದು ಅವನಿಗೆ ಹೊಳೆಯಿತು. ತೋಟಕ್ಕೆ ಹೋಗಿ ಗುಲಾಬಿಯ ಮುಳ್ಳುಗಳನ್ನು ತಂದು ಒಂದು ಮರಿಯ ಚರ್ಮದೊಳಕ್ಕೆ ತೂರಿಸಿದನು. ಮರುದಿನ ಬೆಳಗ್ಗೆ ನೋಡಿದರೆ ಅಲೆಮಾರಿ ಕಣಗಳು ಮುಳ್ಳನ್ನು ಮುತ್ತಿಕೊಂಡು ನಿಂತಿದ್ದವು. ಭಕ್ಷಕ ಕಣಗಳೆಂದು ನಾವು ಕರೆಯುವುದು ಇವುಗಳನ್ನೇ. ಈ ದರ್ಶನಕ್ಕಾಗಿ ಮೆಚ್ನಿಕಾಫನಿಗೆ 1908ರಲ್ಲಿ ಪಾಲ್ ಎರ್ಲಿಖನೊಡನೆ ನೊಬೆಲ್ ಪಾರಿತೋಷಕ ಬಂದಿತು. ಅವನ ಶಿಷ್ಯನೊಬ್ಬನು ಮುಂದೆ ನಮ್ಮ ಕಥೆಯಲ್ಲಿ ಕಾಣಿಸಿಕೊಳ್ಳುವನು, ವಾಚಕರು ನೆನಪಿನಲ್ಲಿಡಬೇಕು.

ಹನುಮನಹಳ್ಳಿಯ ಅಂಗಾಲಿನಲ್ಲಿಯೂ ನಡೆಯುವುದು ಅದೇ. ಮುಳ್ಳು ನೆಟ್ಟ ಜಾಗದ ರಕ್ತನಾಳಗಳು ಅಗಲವಾಗುತ್ತವೆ, ಆದ್ದರಿಂದ ಕೆಂಪು. ಬೆಚ್ಚನೆಯ ರಕ್ತ ನುಗ್ಗುತ್ತದೆ, ಆದ್ದರಿಂದ ಬಿಸಿ. ನೀರು ಒಸರುತ್ತದೆ, ಆದ್ದರಿಂದ ಬಾವು. ಬಿಳಿಯ ರಕ್ತಕಣಗಳು ನಾಳದ ಗೋಡೆಯ ಸಂದಿನಿಂದ ನುಸುಳಿ ಬಂದು ಕ್ರಿಮಿಗಳನ್ನು ನುಂಗುತ್ತವೆ, ನುಂಗಿ ತಾವೂ ಸಾಯುತ್ತವೆ. ನಾವು ಹೇಸಿಕೊಂಡು ಒರೆಸುವ ಕೀವು ಬಹುಮಟ್ಟಿಗೆ ಆ ಯೋಧರ ಹೆಣಗಳ ರಾಶಿಯೇ. ಹೆಚ್ಚಿನ ಸಲ ಜಗಳ ಇಲ್ಲಿಯೇ ತೀರಿಹೋಗುತ್ತದೆ.

ತೀರದಿದ್ದರೆ? ಚರ್ಮದ ಅಡಿಯಲ್ಲಿ ಕೊಂಬೆಗಳಂತೆ ಕೈ ಚಾಚಿಕೊಂಡಿರುವ ಇನ್ನೊಂದು ಬಗೆಯ ಕಣಗಳುಂಟು. ಇವನ್ನು ರಾಲ್ಫ್ ಸ್ಟೈನ್‌ಮನ್ ಎಂಬವರು 1973ರಲ್ಲಿ ಗುರುತಿಸಿದರು. 2011ರಲ್ಲಿ ಅವರಿಗೆ ನೊಬೆಲ್ ಘೋಷಣೆಯಾದಾಗ ಅವರು ತೀರಿಕೊಂಡು ಮೂರು ದಿನಗಳಾಗಿದ್ದವು. ಈ ಕಣಗಳು ಕ್ರಿಮಿಯನ್ನು ನುಂಗಿ, ಅದರ ಒಂದು ತುಣುಕನ್ನು ತಮ್ಮ ಮೈಮೇಲೆ ಎತ್ತಿ ಹಿಡಿದು, ಬಸಿಗಾಲುವೆಗೆ ಇಳಿದು ತೊಡೆಸಂದಿನ ಠಾಣೆಗೆ ಹೊರಡುತ್ತವೆ. ಕಳ್ಳನ ಟೋಪಿಯನ್ನು ಹಿಡಿದುಕೊಂಡು ಚಾವಡಿಗೆ ಓಡುವ ತಳವಾರನನ್ನು ನೆನೆಯಬಹುದು. ಠಾಣೆಯಲ್ಲಿ ದುಗ್ಧಕಣಗಳು, ಅಂದರೆ ವೈದ್ಯರು ಲಿಂಫೋಸೈಟ್ ಎನ್ನುವ ಕಣಗಳು, ಲಕ್ಷಲಕ್ಷವಾಗಿ ತುಂಬಿರುತ್ತವೆ. ಇವುಗಳಲ್ಲಿರುವ ವಿಚಿತ್ರವೇನೆಂದರೆ, ಒಂದೊಂದು ಕಣಕ್ಕೂ ಒಂದೇ ಒಂದು ಗುರುತು ಮಾತ್ರ ಹಿಡಿಸುತ್ತದೆ. ಒಂದು ಬೀಗಕ್ಕೆ ಒಂದೇ ಕೀಲಿಕೈ ಎಂಬಂತೆ. ಯಾವ ಕ್ರಿಮಿ ಬಂದೀತೆಂದು ದೇಹವು ಮುಂದಾಗಿ ತಿಳಿಯಲಾರದಾದ್ದರಿಂದ ಎಣಿಕೆಗೆ ಸಿಗದಷ್ಟು ಬಗೆಯ ಕೀಲಿಕೈಗಳನ್ನು ಮೊದಲೇ ಮಾಡಿಟ್ಟುಕೊಂಡಿದೆ. ಅವು ಒಂದು ಠಾಣೆಯಲ್ಲಿ ಅರ್ಧ ದಿನವೋ ಒಂದು ದಿನವೋ ತಂಗಿ, ತಮ್ಮ ಬೀಗ ಸಿಗದಿದ್ದರೆ ರಕ್ತಕ್ಕೆ ಮರಳಿ, ಇನ್ನೊಂದು ಠಾಣೆಗೆ ಹೋಗುತ್ತ ಜೀವಮಾನವೆಲ್ಲ ಸುತ್ತುತ್ತಿರುತ್ತವೆ.

ತುಣುಕಿಗೆ ಸರಿಯಾದ ಕಣವು ಸಿಕ್ಕಿತೆನ್ನಿ. ಅದು ಅಲ್ಲಿಯೇ ನಿಂತು ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯತೊಡಗುತ್ತದೆ. ಕೆಲವು ದಿನಗಳಲ್ಲಿ ಒಂದಿದ್ದುದು ಸಾವಿರಾರಾಗುತ್ತದೆ. ಠಾಣೆಯ ಗೋಡೆ ಇವನ್ನೆಲ್ಲ ಹಿಡಿಸಿಕೊಳ್ಳಲು ಹಿಗ್ಗುತ್ತದೆ, ಹಿಗ್ಗಿದಾಗ ನೋಯುತ್ತದೆ. ಮನೆಯವರು ತಿಕ್ಕಿ ಕರಗಿಸಲು ಹವಣಿಸುವ ಗಂಟು ಇದೇ! ಮುಳ್ಳು ನೆಟ್ಟ ದಿನವೇ ಏಳದೆ ಎರಡು ಮೂರು ದಿನ ತಡೆದು ಏಳುವುದೇಕೆಂಬುದೂ ಇದರಿಂದ ತಿಳಿಯುತ್ತದೆ. ಈ ಸೈನ್ಯದಲ್ಲಿ ಒಂದು ಪಂಗಡದವು ಕ್ರಿಮಿ ಹೊಕ್ಕ ನಮ್ಮ ಕೋಶಗಳನ್ನೇ ಹುಡುಕಿ ಕೊಲ್ಲುತ್ತವೆ. ಎದೆಯೆಲುಬಿನ ಹಿಂದಿರುವ ಥೈಮಸ್ ಎಂಬ ಗ್ರಂಥಿಯಲ್ಲಿ ಇವುಗಳಿಗೆ ತಾಲೀಮು. ಆ ಗ್ರಂಥಿ ಮಕ್ಕಳಲ್ಲಿ ದೊಡ್ಡದಾಗಿದ್ದು ಪ್ರಾಯ ಕಳೆದಂತೆ ಕುಗ್ಗುತ್ತದೆ. ಇನ್ನೊಂದು ಪಂಗಡದವು ಪ್ರತಿಕಾಯಗಳೆಂಬ ಅಸ್ತ್ರಗಳನ್ನು ಸೆಕೆಂಡಿಗೆ ಸಾವಿರಾರರಂತೆ ತಯಾರಿಸಿ ರಕ್ತಕ್ಕೆ ಬಿಡುತ್ತವೆ. ಕಾಳಗ ಮುಗಿದ ಮೇಲೆ ಬಹುಪಾಲು ಕಣಗಳು ಸಾಯುತ್ತವೆ, ಗಂಟು ಇಳಿಯುತ್ತದೆ. ಕೆಲವು ಮಾತ್ರ ನೆನಪನ್ನಿಟ್ಟುಕೊಂಡು ವರ್ಷಾನುಗಟ್ಟಲೆ ಬದುಕಿರುತ್ತವೆ. ಬಾಲ್ಯದಲ್ಲಿ ದಡಾರವಾದವರಿಗೆ ಮತ್ತೊಮ್ಮೆ ದಡಾರವಾಗುವುದು ತೀರ ಅಪರೂಪ. ಅದು ಈ ನೆನಪಿನ ಫಲ. ಎದೆಹಾಲಿನೊಡನೆ ತಾಯಿ ತನ್ನ ಪ್ರತಿಕಾಯಗಳನ್ನೇ ಕೂಸಿಗೆ ಕೊಡುತ್ತಾಳೆ. ಹೆತ್ತ ಮೊದಲ ದಿನಗಳ ಹಳದಿಯ ಗಿಣ್ಣುಹಾಲಿನಲ್ಲಿ ಅವು ಅತಿ ಹೆಚ್ಚು. ಅದನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ಅಜ್ಜಿಯರೊಡನೆ ನಾವು ಎಷ್ಟು ವಾದಿಸಿದರೂ ಸಾಲದು.

ಆದಕಾರಣ ಗಾಯದ ಬಳಿಯ ಗಂಟಿಗೆ ಮಾಡಬೇಕಾದ ಉಪಚಾರವೆಂದರೆ ಗಾಯದ ಉಪಚಾರವೇ. ಮುಳ್ಳಿನ ಚೂರು ಉಳಿದಿದ್ದರೆ ತೆಗೆಸಿ, ಸಾಬೂನು ನೀರಿನಿಂದ ತೊಳೆದು, ಕಾಲಿಗೆ ವಿಶ್ರಾಂತಿ ಕೊಟ್ಟರೆ ಗಂಟು ಒಂದೆರಡು ವಾರಗಳಲ್ಲಿ ತಾನೇ ಇಳಿಯುತ್ತದೆ. ಗಾಯದಿಂದ ಹೊರಟ ಕೆಂಪು ಗೆರೆಯೊಂದು ಕಾಲಿನ ಮೇಲೆ ಏರುತ್ತ ಹೋದರೆ, ಚಳಿಜ್ವರ ಬಂದರೆ, ಕ್ರಿಮಿಗಳು ನಾಳದಲ್ಲಿಯೇ ಮೇಲುಗೈ ಪಡೆಯುತ್ತಿವೆಯೆಂದು ತಿಳಿದು ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು. ನೋವೇ ಇಲ್ಲದೆ, ಯಾವ ಗಾಯವೂ ಇಲ್ಲದೆ, ಕೊರಳಲ್ಲಿಯೋ ಕಂಕುಳಲ್ಲಿಯೋ ಎದ್ದು ವಾರಗಳು ಕಳೆದರೂ ಇಳಿಯದ ಗಂಟು ಬೇರೆಯ ಜಾತಿಯದು. ಹಿಂದಿನವರು ಗಂಡಮಾಲೆಯೆಂದು ಹೆದರುತ್ತಿದ್ದುದು ಬಹುಮಟ್ಟಿಗೆ ಗ್ರಂಥಿಗಳಿಗೆ ಬಂದ ಕ್ಷಯ. ಅದು ಈಗ ಔಷಧಿಯಿಂದ ಗುಣವಾಗುವ ರೋಗ. ಅರ್ಬುದವೂ ಹೀಗೆ ತಲೆದೋರುವುದುಂಟು. ಇಂತಹುದನ್ನು ಮನೆಮದ್ದಿನಿಂದ ಮುಚ್ಚಿಟ್ಟು ತಿಂಗಳುಗಳನ್ನು ಕಳೆಯುವುದು ಅಪಾಯ.

ಇನ್ನು ಠಾಣೆಯೇ ಬಿದ್ದುಹೋಗುವ ಸಂಗತಿ. ನಮ್ಮ ನಾಡಿನ ಹಿಂದಿನ ತಲೆಮಾರಿನವರು ಅದನ್ನು ಕಣ್ಣಾರೆ ಕಂಡಿದ್ದರು. ಪ್ಲೇಗು ಬಂದಿತೆಂದರೆ ತೊಡೆಸಂದಿನ ಗಂಟಿಗೆ ಕೈ ಮುಟ್ಟಿಸಿ ನೋಡಿಕೊಳ್ಳುವುದೇ ಪ್ರತಿ ಮುಂಜಾನೆಯ ಮೊದಲ ಕೆಲಸವಾಗುತ್ತಿತ್ತು. ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಇಲಿಯ ಮೈಯಿಂದ ಬಂದ ಚಿಗಟವು ಮನುಷ್ಯನ ಕಾಲನ್ನು ಕಚ್ಚಿದಾಗ ರೋಗಾಣುಗಳು ಎಂದಿನಂತೆ ಬಸಿಗಾಲುವೆ ಹಿಡಿದು ತೊಡೆಸಂದಿಗೆ ಬರುತ್ತವೆ. ಭಕ್ಷಕ ಕಣಗಳು ಅವನ್ನು ಎಂದಿನಂತೆ ನುಂಗುತ್ತವೆ. ಆದರೆ ಪ್ಲೇಗಿನ ರೋಗಾಣುವು ನುಂಗಿದವನ ಹೊಟ್ಟೆಯಲ್ಲಿಯೇ ಬದುಕಿ ಬೆಳೆಯಬಲ್ಲದು! ಕಾವಲುಗಾರನ ವೇಷದಲ್ಲಿಯೇ ಠಾಣೆಯ ಒಳಕ್ಕೆ ಹೊಕ್ಕು ಅಲ್ಲಿ ಮನೆ ಮಾಡುತ್ತದೆ. ಗ್ರಂಥಿ ಕೋಳಿಮೊಟ್ಟೆಯಷ್ಟಾಗಿ ಊದಿ, ಒಳಗೆ ರಕ್ತಸ್ರಾವವಾಗಿ, ಕೊಳೆತು, ರೋಗವು ರಕ್ತಕ್ಕೆ ನುಗ್ಗುತ್ತದೆ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ನನು ಈ ರೋಗಾಣುವನ್ನು ಹುಡುಕಿ ಹಿಡಿದುದು ಸತ್ತವರ ಇಂತಹ ಗಡ್ಡೆಗಳೊಳಗೇ.

1896ರಲ್ಲಿ ಪ್ಲೇಗು ಮುಂಬಯಿಯಲ್ಲಿ ಕಾಣಿಸಿಕೊಂಡಿತು. ಆಗ ಸರಕಾರ ಕರೆಸಿಕೊಂಡವನು ವಾಲ್ಡೆಮಾರ್ ಹಾಫ್‌ಕಿನ್. ಒಡೆಸ್ಸಾದಲ್ಲಿ ಮೆಚ್ನಿಕಾಫನ ಶಿಷ್ಯನಾಗಿದ್ದು, ಗುರುವಿನ ಬೆನ್ನಿಗೆ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಗೆ ಹೋಗಿ, ಬೇರೆ ಉದ್ಯೋಗ ಸಿಗದೆ ಮೊದಲು ಪುಸ್ತಕ ಭಂಡಾರದಲ್ಲಿ ದುಡಿದವನು. ಠಾಣೆಯವರಿಗೆ ಶತ್ರುವಿನ ಗುರುತನ್ನು ಮುಂದಾಗಿಯೇ ತೋರಿಸಿಟ್ಟರೆ ಅವನು ನಿಜವಾಗಿ ಬರುವಷ್ಟರಲ್ಲಿ ಸೈನ್ಯ ಸಿದ್ಧವಾಗಿರುತ್ತದೆಂಬುದೇ ಅವನ ಯುಕ್ತಿ. ಮಾಂಸದ ಸಾರಿನಲ್ಲಿ ರೋಗಾಣುಗಳನ್ನು ಬೆಳೆಸುವಾಗ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಡುತ್ತಿದ್ದನು. ತುಪ್ಪದಡಿಯಿಂದ ರೋಗಾಣುಗಳು ಬಿಳಲುಗಳಂತೆ ಜೋತುಬಿದ್ದು ಸೊಂಪಾಗಿ ಬೆಳೆಯುತ್ತಿದ್ದವು. ಅನಂತರ ಕಾಯಿಸಿ ಕೊಂದು ಲಸಿಕೆ ಮಾಡುವನು. 1897ನೆಯ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡು, ಜ್ವರ ನೋವುಗಳನ್ನು ಅನುಭವಿಸಿ ನೋಡಿದನು.

ಮರುವರ್ಷವೇ ಆ ಮದ್ದು ನಮ್ಮ ಕಡೆಗೆ ಬಂದಿತು. ಹನುಮನಹಳ್ಳಿಯಿಂದ ಪಶ್ಚಿಮಕ್ಕೆ ಸುಮಾರು 150 ಕಿಲೋಮೀಟರ್ ದೂರದ ಹುಬ್ಬಳ್ಳಿ ಆಗ ಐವತ್ತು ಸಾವಿರದಷ್ಟು ಜನರಿದ್ದ ಪಟ್ಟಣ. 1898ರ ಪ್ಲೇಗಿನಲ್ಲಿ ಅಲ್ಲಿ ಲ್ಯೂಮನ್ ಎಂಬ ಸೈನ್ಯದ ವೈದ್ಯನ ಮೇಲ್ವಿಚಾರಣೆಯಲ್ಲಿ ಕೆಲವೇ ತಿಂಗಳುಗಳಲ್ಲಿ ಊರಿನ ಬಹುಭಾಗದ ಜನರಿಗೆ ಚುಚ್ಚುಮದ್ದಾಯಿತು. ಚುಚ್ಚಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯಾದುದನ್ನು ಕಂಡು, ಹುಬ್ಬಳ್ಳಿಯ ಉದಾಹರಣೆಯನ್ನು ಮುಂದೆ ವೈದ್ಯರು ದೇಶದೇಶಗಳಲ್ಲಿ ಎತ್ತಿ ಹೇಳಿದರು. ಆ ಲಸಿಕೆ ಪೂರ್ಣ ರಕ್ಷಣೆಯನ್ನೇನೂ ಕೊಡುತ್ತಿರಲಿಲ್ಲ, ಕೊಟ್ಟ ರಕ್ಷಣೆಯೂ ಬಹುಕಾಲ ನಿಲ್ಲುತ್ತಿರಲಿಲ್ಲ. ಆದರೂ ಬೇರೆ ಯಾವ ಮದ್ದೂ ಇಲ್ಲದ ಕಾಲದಲ್ಲಿ ಅದು ಎಷ್ಟೋ ಮನೆಗಳ ದೀಪವನ್ನು ಉಳಿಸಿತು.

ಹಾಫ್‌ಕಿನ್ನನಿಗೆ ಇದರಿಂದ ಸಿಕ್ಕಿದ್ದು ಬರಿಯ ಕೀರ್ತಿಯಲ್ಲ. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಮದ್ದು ಚುಚ್ಚಿಸಿಕೊಂಡ 19 ಜನರು ಧನುರ್ವಾಯುವಿನಿಂದ ಸತ್ತರು. ದೋಷವನ್ನು ಅವನ ಪ್ರಯೋಗಶಾಲೆಯ ತಲೆಗೆ ಕಟ್ಟಲಾಯಿತು. ಸೀಸೆಯು ಹಳ್ಳಿಯಲ್ಲಿ ತೆರೆದಾಗ ಕೆಟ್ಟಿತೆಂಬುದನ್ನು ರೊನಾಲ್ಡ್ ರಾಸ್ ಮೊದಲಾದ ವಿದ್ವಾಂಸರು ವಾದಿಸಿ, ಅವನು ನಿರ್ದೋಷಿಯೆಂದು ತೀರ್ಮಾನವಾಗುವ ಹೊತ್ತಿಗೆ 1907 ಬಂದಿತ್ತು. 1925ರಲ್ಲಿ ಮುಂಬಯಿ ಪರೇಲಿನ ಪ್ರಯೋಗಶಾಲೆಗೆ ಅವನ ಹೆಸರನ್ನಿಟ್ಟರು.

ಧನುರ್ವಾಯುವಿನ ಮಾತು ಬಂದುದರಿಂದ ಒಂದು ಮುಖ್ಯ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಮುಳ್ಳಿನೊಡನೆ, ಮಣ್ಣು ಸೆಗಣಿಗಳೊಡನೆ ಒಳಹೋಗುವ ಈ ರೋಗಾಣುವಿನ ವಿಷ ಎಷ್ಟು ತೀಕ್ಷ್ಣವೆಂದರೆ, ಮನುಷ್ಯನನ್ನು ಕೊಲ್ಲಲು ಬೇಕಾದಷ್ಟು ವಿಷವು ಠಾಣೆಯವರನ್ನು ಎಚ್ಚರಿಸುವುದಕ್ಕೂ ಸಾಲದು! ಆದ್ದರಿಂದಲೇ ಧನುರ್ವಾಯುವಾಗಿ ಬದುಕಿ ಉಳಿದವನಿಗೂ ಅದರ ನೆನಪು ಉಳಿಯುವುದಿಲ್ಲ. ಅವನೂ ಲಸಿಕೆ ಹಾಕಿಸಿಕೊಳ್ಳಬೇಕು. ಕೂಸಿದ್ದಾಗ ಹಾಕಿಸಿದ್ದು ಸಾಕೆಂದು ಸುಮ್ಮನಿರಬಾರದು. ಹತ್ತು, ಹದಿನಾರರ ಪ್ರಾಯಗಳಲ್ಲಿಯೂ ಗರ್ಭಿಣಿಯರಿಗೂ ಸರಕಾರಿ ಆಸ್ಪತ್ರೆಗಳಲ್ಲಿ ಇದನ್ನು ಪುಕ್ಕಟೆಯಾಗಿ ಕೊಡುತ್ತಾರೆ. ಗದ್ದೆಯಲ್ಲಿ ದುಡಿಯುವವರು ಆಳವಾದ ಗಾಯವಾದಾಗ ತಮ್ಮ ಲಸಿಕೆಯ ವಿಷಯವನ್ನು ವೈದ್ಯರಿಗೆ ತಿಳಿಸಬೇಕು.

ಕೊನೆಯದಾಗಿ ಕಾಲುವೆ ಕಟ್ಟಿಹೋಗುವ ಸಂಗತಿ. ಇದು ಕೊಪ್ಪಳಕ್ಕೆ ನೆರೆಯ ರಾಯಚೂರು, ಅದರಾಚೆಯ ಯಾದಗಿರಿ, ಕಲಬುರಗಿ, ಬೀದರಗಳಲ್ಲಿಯೂ ಕರಾವಳಿಯಲ್ಲಿಯೂ ಬಹುಕಾಲದಿಂದ ಬೇರೂರಿದ ಪಿಡುಗು. ಆನೆಕಾಲನ್ನು ಸುಶ್ರುತನು ಶ್ಲೀಪದವೆಂದು ವರ್ಣಿಸಿ, ಹಳೆಯ ನೀರು ನಿಂತಿರುವ ನಾಡುಗಳಲ್ಲಿ ಅದು ಹೆಚ್ಚೆಂದು ಹೇಳಿದ್ದಾನೆ. ಕೊಳಚೆ ನೀರಿನಲ್ಲಿ ಹುಟ್ಟುವ ಸೊಳ್ಳೆಯ ಪಾತ್ರವನ್ನು 1877ರಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಚೀನದಲ್ಲಿ ಕಂಡುಹಿಡಿದ ಮೇಲೆ ಆ ಪ್ರಾಚೀನ ಮಾತಿನ ಸ್ವಾರಸ್ಯ ನಮಗೆ ಗೊತ್ತಾಯಿತು. ಸೊಳ್ಳೆಯ ಮೂಲಕ ಬಂದ ದಾರದಂತಹ ಹುಳುಗಳು ದುಗ್ಧನಾಳಗಳಲ್ಲಿಯೇ ಸಂಸಾರ ಹೂಡುತ್ತವೆ. ಹೆಣ್ಣುಹುಳು ಬೆರಳಿನಷ್ಟು ಉದ್ದವಿರುತ್ತದೆ. ಕಾವಲಿನವರಿದ್ದೂ ವರ್ಷಗಟ್ಟಲೆ ಹೇಗೆ ಬದುಕುತ್ತವೆಂದರೆ, ಕಾವಲಿನವರನ್ನೇ ಮಂಕುಗೊಳಿಸುವ ದ್ರವ್ಯಗಳನ್ನು ಅವು ಸ್ರವಿಸುತ್ತಿರುತ್ತವೆ. ನಾಳಗಳು ಹಿಗ್ಗುತ್ತವೆ, ಕವಾಟಗಳು ಕೆಡುತ್ತವೆ, ರಸ ಮೇಲೇರದೆ ಕಾಲಿನಲ್ಲಿ ನಿಲ್ಲುತ್ತದೆ. ಬಸಿಯದ ಹೊಲ ಜವಳಾದಂತೆ ಕಾಲು ಜವಳಾಗುತ್ತದೆ.

ಹುಳುಗಳನ್ನು ಅಡಗಿಸಲು 2004ರಿಂದ ಪೀಡಿತ ಜಿಲ್ಲೆಗಳಲ್ಲಿ ವರ್ಷಕ್ಕೊಮ್ಮೆ ಮನೆಮನೆಗೆ ಮಾತ್ರೆ ಹಂಚುವ ಕ್ರಮ ನಡೆದುಬಂದಿದೆ. ಎರಡು ಮದ್ದಿನ ಬದಲು ಮೂರು ಮದ್ದುಗಳನ್ನು ಒಟ್ಟಿಗೆ ಕೊಡಬಹುದೇ ಎಂಬ ಪರೀಕ್ಷೆಯನ್ನು ಪುದುಚೇರಿಯ ಸಂಶೋಧಕರು ನಮ್ಮ ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿಯೇ ನಡೆಸಿದರು; 2018ರಲ್ಲಿ ದೇಶದಲ್ಲಿ ಆ ಕ್ರಮವನ್ನು ಮೊದಲು ಆರಂಭಿಸಿದ ಕೆಲವೇ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ಮಾತ್ರೆ ನುಂಗಿದ ಮೇಲೆ ಕೆಲವರಿಗೆ ಜ್ವರ ಬರುವುದುಂಟು. ಅದನ್ನು ಕಂಡು ಮಾತ್ರೆಯೇ ವಿಷವೆಂದು ಕಸಕ್ಕೆ ಎಸೆಯುವವರೂ ಉಂಟು. ಆದರೆ ಜ್ವರ ಬರುವುದು ಸಾಮಾನ್ಯವಾಗಿ ಒಳಗೆ ಹುಳುಗಳಿದ್ದವರಿಗೆ. ಸಾಯುತ್ತಿರುವ ಹುಳುಗಳನ್ನು ಕಾವಲಿನವರು ಕೊನೆಗೂ ಗುರುತಿಸಿ ಮೇಲೆ ಬಿದ್ದಾಗಿನ ಕಾವು ಅದು. ಗರ್ಭಿಣಿಯರು, ಎರಡು ವರ್ಷದೊಳಗಿನ ಮಕ್ಕಳು, ತೀವ್ರವಾಗಿ ಅಸ್ವಸ್ಥರಾದವರು ಇವರ ಹೊರತು ಉಳಿದವರು ಕಾರ್ಯಕರ್ತರ ಎದುರಿನಲ್ಲಿಯೇ ನುಂಗುವುದು ಲೇಸು.

ಹುಳು ಸತ್ತರೂ ಊದಿದ ಕಾಲು ಪೂರ್ತಿಯಾಗಿ ಹಿಂದಿನಂತಾಗುವುದಿಲ್ಲ. ಹಾಗೆಂದು ಕೈಚೆಲ್ಲಿ ಕೂರಬೇಕಾಗಿಲ್ಲವೆಂಬುದನ್ನು ಕಾಸರಗೋಡಿನಲ್ಲಿ ತೋರಿಸಿಕೊಟ್ಟಿದ್ದಾರೆ. ಅಲ್ಲಿ ಡಾ. ಎಸ್. ಆರ್. ನರಹರಿಯವರು 1999ರಲ್ಲಿ ಆರಂಭಿಸಿದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಎಂಬ ಸಂಸ್ಥೆಯು, ಪಾಶ್ಚಾತ್ಯ ವೈದ್ಯ, ಆಯುರ್ವೇದ, ಯೋಗ ಈ ಮೂರನ್ನೂ ಹದವಾಗಿ ಸೇರಿಸಿ ಆನೆಕಾಲಿನವರನ್ನು ಉಪಚರಿಸುವ ಕ್ರಮವನ್ನು ರೂಢಿಗೆ ತಂದಿದೆ. ಕಲಬುರಗಿ ಜಿಲ್ಲೆಯ ಹಳ್ಳಿಗಳಿಗೂ ಅದನ್ನು ಕೊಂಡೊಯ್ದು ನೋಡಿದ್ದಾರೆ. ಅದರಲ್ಲಿ ಅದ್ಭುತವಾದ ಮೂಲಿಕೆಯ ರಹಸ್ಯವೇನೂ ಇಲ್ಲ. ಊದಿದ ಕಾಲಿನಲ್ಲಿ ಠಾಣೆಗೆ ಸುದ್ದಿ ಹೋಗುವ ದಾರಿ ಕೆಟ್ಟಿರುತ್ತದಾದ್ದರಿಂದ, ಬೆರಳ ಸಂದಿನ ಒಂದು ಸಣ್ಣ ಬಿರುಕಿನಿಂದ ಹೊಕ್ಕ ಕ್ರಿಮಿಯೂ ಅಲ್ಲಿ ಅಂಕೆಯಿಲ್ಲದೆ ಬೆಳೆದು ಚಳಿಜ್ವರ ತರುತ್ತದೆ. ಪ್ರತಿಯೊಂದು ಜ್ವರವೂ ಇನ್ನಷ್ಟು ನಾಳಗಳನ್ನು ಕೆಡಿಸಿ ಕಾಲನ್ನು ಇನ್ನಷ್ಟು ದಪ್ಪಗೊಳಿಸುತ್ತದೆ. ಆದುದರಿಂದ ಮೊದಲ ಕೆಲಸ ಬಿರುಕನ್ನು ಮುಚ್ಚುವುದು: ದಿನವೂ ಸಾಬೂನಿನಿಂದ ತೊಳೆಯುವುದು, ಬೆರಳ ಸಂದುಗಳನ್ನು ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸುವುದು. ಆಮೇಲೆ ಕಷಾಯದಲ್ಲಿ ಕಾಲು ನೆನೆಸುವುದು, ನಿಂತ ರಸವನ್ನು ಮೇಲಕ್ಕೆ ಸಾಗಿಸುವಂತೆ ಹಗುರವಾಗಿ ನೀವುವುದು, ಉಸಿರಾಟದೊಡನೆ ಮಾಡುವ ಕೆಲವು ಆಸನಗಳು, ಬಿಗಿಯಾದ ಪಟ್ಟಿ ಸುತ್ತುವುದು, ಮಲಗುವಾಗ ಕಾಲನ್ನು ಎತ್ತರಿಸಿ ಇಡುವುದು. ಇವೆಲ್ಲವೂ ಒಮ್ಮೆ ಕಲಿತರೆ ಮನೆಯಲ್ಲಿಯೇ ಮಾಡಿಕೊಳ್ಳತಕ್ಕವು. ಒಂಟಿಯಾಗಿರುವ ರೋಗಿಗೆ ಬಗ್ಗಿ ಪಟ್ಟಿ ಸುತ್ತಿಕೊಳ್ಳುವುದು ಕಷ್ಟವಾದ್ದರಿಂದ, ಮನೆಯವರಲ್ಲಿ ಒಬ್ಬರು ಜೊತೆಗೆ ಹೋಗಿ ಕಲಿತು ಬರುವುದು ಒಳ್ಳೆಯದು.